ಒಂದೇ ಘನಚಿತ್ರ, ಹಲವು ಛೇದಗಳು

ಮುಂಬ್ರಾದ ಬೆನ್ನಿಗೆ ನಿಂತಿರುವ ಪಾರ್ಸಿಕ್ ಬೆಟ್ಟವನ್ನು ಕೊರೆದು ನಿರ್ಮಿಸಿದ ರೈಲ್ವೆ ಸುರಂಗವು 1916ರಷ್ಟು ಹಳೆಯದು. ಅದರ ಉದ್ದ ಸುಮಾರು 1.3 ಕಿಲೋಮೀಟರ್. ಇಂಥ ಸುರಂಗದ ಅಗಲವನ್ನು ಅಳೆಯುವವನು ಹಗ್ಗವನ್ನು ಹಳಿಗಳಿಗೆ ನೇರ ಅಡ್ಡಲಾಗಿ ಹಿಡಿಯಬೇಕು. ಓರೆಯಾಗಿ ಹಿಡಿದರೆ ಇಲ್ಲದ ಅಗಲವು ಲೆಕ್ಕಕ್ಕೆ ಬರುತ್ತದೆ. ಮಾನವದೇಹದ ರಕ್ತನಾಳಗಳಿಗೂ ಈ ನಿಯಮವೇ ಅನ್ವಯಿಸುತ್ತದೆ. ಸಿ.ಟಿ. ಸ್ಕ್ಯಾನ್ ಚಿತ್ರವನ್ನು ಯಾವ ದಿಕ್ಕಿನಲ್ಲಿ ಛೇದಿಸಿ ನೋಡಲಾಯಿತು ಎಂಬುದರ ಮೇಲೆ ರೋಗನಿರ್ಣಯವೇ ಅವಲಂಬಿಸಿರುವುದುಂಟು.

1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷ-ಕಿರಣಗಳ ಸಾಮಾನ್ಯ ಚಿತ್ರವು ದೇಹದ ಆಳವನ್ನೆಲ್ಲ ಒಂದೇ ನೆರಳಾಗಿ ಮೂಡಿಸುತ್ತದೆ. ಈ ತೊಡಕನ್ನು ನಿವಾರಿಸಿದವರು ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಅವರ ಯಂತ್ರವು 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಮಿದುಳನ್ನು ಪದರಪದರವಾಗಿ ತೋರಿಸಿತು. 1979ರಲ್ಲಿ ಅವರಿಗೂ, ಗಣಿತದ ತಳಹದಿಯನ್ನು ಒದಗಿಸಿದ್ದ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಅಂದಿನ ಪದರಗಳು ದಪ್ಪವಾಗಿದ್ದುದರಿಂದ ವೈದ್ಯರು ಬಹುಮಟ್ಟಿಗೆ ಯಂತ್ರವು ಕೊಟ್ಟ ಅಡ್ಡ ಛೇದಗಳಿಂದಲೇ ತೃಪ್ತರಾಗಬೇಕಿತ್ತು. ಇಂದು ಒಂದು ಮಿಲಿಮೀಟರಿಗಿಂತಲೂ ತೆಳುವಾದ ನೂರಾರು ಪದರಗಳು ಕೆಲವೇ ಕ್ಷಣಗಳಲ್ಲಿ ದೊರೆಯುತ್ತವೆ. ಅವನ್ನು ಜೋಡಿಸಿದಾಗ ಗಣಕಯಂತ್ರದಲ್ಲಿ ದೇಹಭಾಗದ ಘನಚಿತ್ರವೇ ಸಿದ್ಧವಾಗುತ್ತದೆ.

ಈ ಘನಚಿತ್ರವನ್ನು ಬಾಳೆದಿಂಡಿನಂತೆ ಬೇಕಾದೆಡೆಯಲ್ಲಿ, ಬೇಕಾದ ಓರೆಯಲ್ಲಿ ಕತ್ತರಿಸಿ ನೋಡಬಹುದು. ದಿಂಡನ್ನು ಒಮ್ಮೆ ಕತ್ತರಿಸಿದರೆ ಮುಗಿಯಿತು. ಘನಚಿತ್ರವಾದರೋ ಎಷ್ಟು ಸಲ ಛೇದಿಸಿದರೂ ಇಡಿಯಾಗಿಯೇ ಉಳಿಯುತ್ತದೆ. ಪರದೆಯ ಮೇಲೆ ಸಾಮಾನ್ಯವಾಗಿ ಮೂರು ಛೇದಗಳು ಕಾಣುತ್ತವೆ. ದೇಹವನ್ನು ಮೇಲು-ಕೆಳಗಾಗಿ ವಿಭಾಗಿಸುವುದು ಆಕ್ಸಿಯಲ್, ಮುಂದು-ಹಿಂದಾಗಿ ವಿಭಾಗಿಸುವುದು ಕೊರೋನಲ್, ಎಡ-ಬಲವಾಗಿ ವಿಭಾಗಿಸುವುದು ಸ್ಯಾಜಿಟಲ್. ಒಂದೊಂದರ ಮೇಲೂ ಉಳಿದೆರಡನ್ನು ಸೂಚಿಸುವ ಗೆರೆಗಳಿರುತ್ತವೆ. ಗೆರೆಯನ್ನು ಸರಿಸಿದರೆ ಛೇದವು ಸರಿಯುತ್ತದೆ, ತಿರುಗಿಸಿದರೆ ಓರೆಯಾಗುತ್ತದೆ. ಗೆರೆಗಳು ಕೂಡುವ ಬಿಂದುವನ್ನು ಸಂದೇಹದ ಸ್ಥಳದಲ್ಲಿಟ್ಟರೆ, ಅದೇ ಸ್ಥಳವು ಮೂರು ದಿಕ್ಕುಗಳಿಂದಲೂ ಗೋಚರಿಸುತ್ತದೆ. ರೋಗಿಯು ತಲೆಯನ್ನು ವಾಲಿಸಿ ಮಲಗಿದ್ದರೂ ಛೇದವನ್ನು ತಿರುಗಿಸಿ ಎಡಬಲಗಳನ್ನು ಸಮಗೊಳಿಸಬಹುದು.

ಈ ನಿಯಂತ್ರಣವು ಕೇವಲ ಅನುಕೂಲಕ್ಕಾಗಿ ಅಲ್ಲ. ಹೃದಯದಿಂದ ಹೊರಡುವ ಮಹಾಪಧಮನಿಯು ಉಬ್ಬಿ 5.5 ಸೆಂಟಿಮೀಟರ್ ಅಗಲವನ್ನು ಮುಟ್ಟಿದರೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ವಿಚಾರವನ್ನು ಎತ್ತುತ್ತಾರೆ. ನಿಜದಲ್ಲಿ 4.8 ಸೆಂಟಿಮೀಟರ್ ಇರುವ ನಾಳವನ್ನು 30 ಡಿಗ್ರಿ ಓರೆಯಾಗಿ ಛೇದಿಸಿದರೆ, ದುಂಡಗಿನ ನಾಳವು ಅಂಡಾಕಾರವಾಗಿ ಕಂಡು, ಅದರ ಉದ್ದನೆಯ ಅಳತೆ ಸುಮಾರು 5.5 ಆಗುತ್ತದೆ! ಆದುದರಿಂದ ಛೇದವನ್ನು ನಾಳದ ಹರಿವಿಗೆ ಲಂಬವಾಗಿ ತಿರುಗಿಸಿದ ಬಳಿಕವೇ ಅಳೆಯಬೇಕು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಇದ್ದುದೇ ಕಾಣದೆ ಹೋಗಬಹುದು. ಕುತ್ತಿಗೆಯ ಎರಡನೆಯ ಕಶೇರುಮಣಿಗೆ ಗೂಟದಂಥ ಚಾಚೊಂದಿದೆ. ಅದರ ಬುಡದಲ್ಲಿ ಅಡ್ಡಲಾಗಿ ಬಿದ್ದ ಬಿರುಕು ಆಕ್ಸಿಯಲ್ ಪದರಕ್ಕೆ ಸಮಾನಾಂತರವಾಗಿದ್ದು, ಅದರಲ್ಲಿ ಅಡಗಿಕೊಳ್ಳಬಲ್ಲದು. ಸ್ಯಾಜಿಟಲ್ ಮತ್ತು ಕೊರೋನಲ್ ಛೇದಗಳಲ್ಲಿ ಅದು ಬಯಲಾಗುತ್ತದೆ. 2025ರ ಜೂನ್ 9ರಂದು ಮುಂಬ್ರಾ ಬಳಿಯ ತಿರುವಿನಲ್ಲಿ ಕಿಕ್ಕಿರಿದ ಲೋಕಲ್ ಗಾಡಿಗಳಿಂದ ಪ್ರಯಾಣಿಕರು ಬಿದ್ದು ಪ್ರಾಣ ಕಳೆದುಕೊಂಡ ದುರಂತವನ್ನು ಈ ಭಾಗದವರು ಮರೆತಿರಲಾರರು. ಎತ್ತರದಿಂದ ಇಲ್ಲವೆ ವಾಹನದಿಂದ ಬಿದ್ದವರ ಕುತ್ತಿಗೆಯನ್ನು ಒಂದೇ ಕಡೆಯಿಂದ ನೋಡಿ ನಿಶ್ಚಿಂತರಾಗಲಾಗದು.

ರೋಗಿಯ ಮನೆಯವರು ತಿಳಿದಿರಬೇಕಾದ ಮಾತೊಂದಿದೆ. ಕೈಗೆ ಬರುವ ಫಿಲ್ಮಿನಲ್ಲಿರುವುದು ಯಾರೋ ಆರಿಸಿದ ಕೆಲವು ಛೇದಗಳು ಮಾತ್ರ. ಅವನ್ನು ತಿರುಗಿಸಿ ನೋಡಲಾಗದು. ತೆಳುಪದರಗಳ ಸಹಿತವಾದ ಪೂರ್ಣ ಚಿತ್ರವನ್ನು ಸಿ.ಡಿ.ಯಲ್ಲೋ ಪೆನ್ ಡ್ರೈವಿನಲ್ಲೋ ಕೇಳಿ ಪಡೆದು, ಜೋಪಾನವಾಗಿಟ್ಟು, ಮತ್ತೊಬ್ಬ ವೈದ್ಯರಲ್ಲಿಗೆ ಹೋಗುವಾಗ ಒಯ್ಯುವುದು ಲೇಸು. ಹಾಗಿದ್ದಲ್ಲಿ ಅವರು ತಮಗೆ ಬೇಕಾದ ದಿಕ್ಕಿನಿಂದ ಅದನ್ನು ಪರಿಶೀಲಿಸಬಲ್ಲರು. ದಿಕ್ಕು ಬದಲಿಸುವುದಕ್ಕಾಗಿಯೇ ರೋಗಿಯು ಮತ್ತೊಮ್ಮೆ ಕಿರಣಗಳಿಗೆ ಮೈಯೊಡ್ಡುವ ಅಗತ್ಯ ಬೀಳದು.