ಸಕ್ಕರೆಯ ಉಗ್ರಾಣವೂ ನರಗಳ ಸಂದೇಶವೂ

ಆರೋಗ್ಯವಂತನಾದ ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ರಾತ್ರಿ ಕಳೆದು ಬರಿಹೊಟ್ಟೆಯಲ್ಲಿ ಪರೀಕ್ಷಿಸಿದಾಗ, ಆ ರಕ್ತದ ಪ್ರತಿ 100 ಮಿಲಿಲೀಟರಿನಲ್ಲಿ 70ರಿಂದ 100 ಮಿಲಿಗ್ರಾಮಿನಷ್ಟು ಗ್ಲೂಕೋಸ್ ಸಕ್ಕರೆ ಕಂಡುಬರುತ್ತದೆ. ಗುಣಿಸಿ ನೋಡಿದರೆ ಇಡೀ ರಕ್ತದಲ್ಲಿರುವ ಸಕ್ಕರೆ ಒಂದು ಚಹಾ ಚಮಚಕ್ಕಿಂತ ಹೆಚ್ಚಿಲ್ಲವೆಂದು ತಿಳಿಯುತ್ತದೆ. ಆದರೆ ಮಿದುಳೊಂದೇ ಗಂಟೆಗೆ ಸುಮಾರು 5 ಗ್ರಾಮಿನಷ್ಟು ಸಕ್ಕರೆಯನ್ನು ಬಳಸುತ್ತದೆ. ಹೀಗಿರುವಲ್ಲಿ, ಏಕಾದಶಿಯ ಉಪವಾಸವಿದ್ದವರು ಮರುದಿನ ಬೆಳಗಿನವರೆಗೂ ಎಚ್ಚರ ತಪ್ಪದೆ ಇರುವುದು ಹೇಗೆ?

ಪಿತ್ತಜನಕಾಂಗವೆಂದೂ ಕರೆಯಲ್ಪಡುವ ಯಕೃತ್ತು ಇದಕ್ಕೆ ಕಾರಣ. ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಈ ಅಂಗವು ಊಟವಾದ ಮೇಲೆ ಹೆಚ್ಚಾದ ಸಕ್ಕರೆಯನ್ನು ಗ್ಲೈಕೋಜನ್ ಎಂಬ ಪದಾರ್ಥವನ್ನಾಗಿ ಮಾರ್ಪಡಿಸಿ ಕೂಡಿಡುತ್ತದೆ. ಈ ಸಂಗ್ರಹ 100 ಗ್ರಾಮಿನಷ್ಟಾಗಬಹುದು. ಉಪವಾಸಕಾಲದಲ್ಲಿ ಅದನ್ನು ಒಡೆದು ರಕ್ತಕ್ಕೆ ಕೊಡುವುದಲ್ಲದೆ, ಅಮೈನೋ ಆಮ್ಲ ಮೊದಲಾದವುಗಳಿಂದ ಹೊಸ ಸಕ್ಕರೆಯನ್ನೂ ತಯಾರಿಸುತ್ತದೆ. ಆದರೆ ಉಗ್ರಾಣದ ಬಾಗಿಲನ್ನು ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದನ್ನು ಯಕೃತ್ತಿಗೆ ತಿಳಿಸುವವರಾರು?

ಈ ಪ್ರಶ್ನೆಗೆ ಮೊದಲ ಸುಳಿವನ್ನು ಒದಗಿಸಿದವನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್. 1849ರಲ್ಲಿ ಅವನು ಮೊಲದ ಮಿದುಳಿನ ಬುಡದಲ್ಲಿ ಒಂದು ನಿರ್ದಿಷ್ಟ ಸ್ಥಳವನ್ನು ಸೂಜಿಯಿಂದ ಚುಚ್ಚಿದಾಗ, ಸ್ವಲ್ಪ ಕಾಲದಲ್ಲಿಯೇ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಗ್ಲೈಕೋಜನನ್ನು 1857ರಲ್ಲಿ ಬೇರ್ಪಡಿಸಿ ತೋರಿಸಿದವನೂ ಇವನೇ. 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ನಿನ ಶೋಧವಾದ ಮೇಲೆ ಪಂಡಿತರ ಗಮನವೆಲ್ಲ ಹಾರ್ಮೋನುಗಳತ್ತ ಹರಿಯಿತು. 1960ರ ದಶಕದಲ್ಲಿ ಜಪಾನಿನ ಷಿಮಾಜು ಮೊಲಗಳ ನರಗಳನ್ನು ವಿದ್ಯುತ್ತಿನಿಂದ ಪ್ರಚೋದಿಸಿ ನರಗಳ ಪಾತ್ರವನ್ನು ಸ್ಪಷ್ಟಪಡಿಸಿದನು. ಅನುವೇದನಾ ನರಗಳನ್ನು ಪ್ರಚೋದಿಸಿದರೆ ಗ್ಲೈಕೋಜನನ್ನು ಒಡೆಯುವ ಕಿಣ್ವಗಳು ಚುರುಕಾಗುತ್ತವೆ. ವೇಗಸ್ ನರವನ್ನು ಪ್ರಚೋದಿಸಿದರೆ ಅದನ್ನು ಕಟ್ಟುವ ಕಿಣ್ವ ಚುರುಕಾಗುತ್ತದೆ. ಒಂದು ತೆರೆಯುವ ಕೈ, ಇನ್ನೊಂದು ಮುಚ್ಚುವ ಕೈ.

ಹಾಗಾದರೆ ಹಾರ್ಮೋನುಗಳಿಗೂ ನರಗಳಿಗೂ ಇರುವ ವ್ಯತ್ಯಾಸವೇನು? ಹಾರ್ಮೋನು ಊರಿಗೆಲ್ಲ ಸಾರಿದ ಡಂಗುರದಂತೆ. ರಕ್ತದಲ್ಲಿ ಬೆರೆತು ಎಲ್ಲ ಅಂಗಗಳನ್ನೂ ಮುಟ್ಟುತ್ತದೆ. ವಿಶ್ರಾಂತಿಯಲ್ಲಿರುವಾಗ ರಕ್ತವು ದೇಹವನ್ನು ಒಂದು ಸುತ್ತು ಬರಲು ಸುಮಾರು ಒಂದು ನಿಮಿಷ ಬೇಕು. ನರವಾದರೋ ಒಂದೇ ಮನೆಯ ಬಾಗಿಲು ತಟ್ಟಿ ಹೇಳುವ ಆಳಿನಂತೆ. ಅದರ ಸಂದೇಶ ಕೆಲವೇ ಸೆಕೆಂಡುಗಳಲ್ಲಿ ಯಕೃತ್ತನ್ನು ಸೇರುತ್ತದೆ. ಬನಶಂಕರಿಯ ನಿಲ್ದಾಣದಲ್ಲಿ ಹೊರಟುನಿಂತ ಜಯನಗರದ ಬಸ್ಸನ್ನು ಹಿಡಿಯಲು ವಿದ್ಯಾರ್ಥಿಯೊಬ್ಬನು ಓಡುತ್ತಾನೆನ್ನೋಣ. ಅವನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬರಿದುಮಾಡುವ ಮುನ್ನವೇ ಅನುವೇದನಾ ನರಗಳು ಎಚ್ಚೆತ್ತಿರುತ್ತವೆ. ಅವು ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಹಾರ್ಮೋನನ್ನೂ ಹೊರಡಿಸುತ್ತವೆ. ಹೀಗೆ ನರವೂ ಹಾರ್ಮೋನೂ ಜೊತೆಗೂಡಿ ದುಡಿಯುತ್ತವೆ.

ಸಂದೇಶವು ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲವೆಂಬುದೂ ಗಮನಾರ್ಹ. ಕರುಳಿನಿಂದ ಯಕೃತ್ತಿಗೆ ರಕ್ತವನ್ನೊಯ್ಯುವ ದೊಡ್ಡ ಅಭಿಧಮನಿಯ ಬಳಿ ಸಕ್ಕರೆಯನ್ನು ಗುರುತಿಸುವ ನರತುದಿಗಳಿವೆ. ಅಲ್ಲಿ ಸಕ್ಕರೆ ಏರಿದಂತೆಲ್ಲ ವೇಗಸ್ ನರದಲ್ಲಿ ಮಿದುಳಿನತ್ತ ಸಾಗುವ ಸ್ಪಂದನಗಳು ವಿರಳವಾಗುತ್ತವೆಂದು ನಿಜಿಮಾ ಎಂಬ ವಿಜ್ಞಾನಿ 1969ರಲ್ಲಿ ಗಿನಿಹಂದಿಗಳಲ್ಲಿ ತೋರಿಸಿದನು. ಯಂತ್ರದ ವೇಗವನ್ನು ಅಳೆದು ತಾನೇ ಉಗಿಯನ್ನು ಹಿಡಿತದಲ್ಲಿಡುವ ಗವರ್ನರ್ ಸಾಧನದ ತತ್ತ್ವವೇ ಇಲ್ಲಿಯೂ ಇದೆ.

ಆದರೆ ನರಗಳೇ ಸರ್ವಸ್ವವೆಂದು ಭಾವಿಸಬಾರದು. ಯಕೃತ್ತನ್ನು ಕಸಿ ಮಾಡುವಾಗ ಅದರ ನರಗಳೆಲ್ಲ ತುಂಡಾಗುತ್ತವೆ. ಆದರೂ ಆ ಯಕೃತ್ತು ಹಾರ್ಮೋನುಗಳ ಆಜ್ಞೆಯಂತೆ ಸಕ್ಕರೆಯನ್ನು ಒದಗಿಸುತ್ತಲೇ ಇರುತ್ತದೆ. ನರಗಳು ಈ ಕಾರ್ಯಕ್ಕೆ ವೇಗವನ್ನೂ ಮುಂದಾಲೋಚನೆಯನ್ನೂ ಕೂಡಿಸುತ್ತವೆ.

ಇದು ಪಾಠದ ಪುಸ್ತಕಕ್ಕೆ ಮಾತ್ರ ಸೇರಿದ ವಿಷಯವಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದಾಗ ಬೆವರು, ನಡುಕ, ಎದೆಬಡಿತಗಳು ಕಾಣಿಸಿಕೊಳ್ಳುವುದುಂಟು. ಇವು ಈ ನರವ್ಯೂಹವೇ ಕೊಡುವ ಎಚ್ಚರಿಕೆಗಳು. ಬಹುಕಾಲದ ಮಧುಮೇಹದಿಂದಾಗಲಿ, ಸಕ್ಕರೆ ಮೇಲಿಂದ ಮೇಲೆ ಇಳಿಯುವುದರಿಂದಾಗಲಿ ಈ ಎಚ್ಚರಿಕೆ ಮಂಕಾದರೆ, ರೋಗಿಯು ಮುನ್ಸೂಚನೆಯಿಲ್ಲದೆ ತಬ್ಬಿಬ್ಬಾಗಿ ಎಚ್ಚರ ತಪ್ಪಬಹುದು. ಸಹಪಾಠಿಯೊಬ್ಬನಿಗೆ ಹೀಗಾದಾಗ, ನುಂಗಬಲ್ಲ ಸ್ಥಿತಿಯಲ್ಲಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಒಂದು ಚಮಚ ಸಕ್ಕರೆಯನ್ನು ಹಗಲಿರುಳೂ ಕಾಯುವ ಈ ಕಾವಲಿನ ಬೆಲೆ, ಅದು ತಪ್ಪಿದಾಗಲೇ ನಮಗೆ ತಿಳಿಯುವುದು.