ಗಿಲಕಿ ಹಾವೂ ನಮ್ಮ ಫುರ್ಸೆಯೂ

ಚಲನಚಿತ್ರಗಳಲ್ಲಿ ಗಿಲಕಿ ಹಾವಿನ ಬಾಲದ ಸದ್ದನ್ನು ಕೇಳಿದ ವಿದ್ಯಾರ್ಥಿಗಳು, ಅಂಥದೊಂದು ಹಾವು ಠಾಣೆಯ ಯೇವೂರು ಗುಡ್ಡದಲ್ಲಿಯೂ ಇರಬಹುದೇ ಎಂದು ಕೇಳುವುದುಂಟು. ಇಲ್ಲ. ಆ ಜಾತಿಯು ಅಮೆರಿಕ ಖಂಡಗಳಿಗೆ ಮಾತ್ರ ಸೇರಿದುದು. ಕೆನಡಾ ದೇಶದ ದಕ್ಷಿಣ ಭಾಗದಿಂದ ಅರ್ಜೆಂಟೀನಾದವರೆಗೆ ಮರುಭೂಮಿ, ಹುಲ್ಲುಗಾವಲು, ಕಲ್ಲುಗುಡ್ಡ, ಕಾಡುಗಳಲ್ಲಿ ಅದು ವಾಸಿಸುತ್ತದೆ. ಆದರೆ ಅದರ ನೆಂಟರಿಬ್ಬರು ನಮ್ಮ ಸೀಮೆಯಲ್ಲಿಯೇ ಇದ್ದಾರೆ. ಒಬ್ಬನದು ಮೈಕಟ್ಟಿನ ನೆಂಟತನ, ಇನ್ನೊಬ್ಬನದು ದನಿಯ ನೆಂಟತನ.

ಗಿಲಕಿಯೆಂದರೆ ನಮ್ಮ ಉಗುರಿನಂಥ ಪದಾರ್ಥದಿಂದಾದ ಟೊಳ್ಳು ಬಳೆಗಳ ಸಾಲು. ಮಕ್ಕಳ ಗಿಲಕಿಯಂತೆ ಅದರೊಳಗೆ ಕಾಳುಗಳಿಲ್ಲ. ಬಾಲವು ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ಅದುರಿದಾಗ ಬಳೆಗೆ ಬಳೆ ತಾಗಿ ಸದ್ದು ಹೊರಡುತ್ತದೆ. ಪೊರೆ ಕಳಚಿದಾಗಲೆಲ್ಲ ಒಂದು ಬಳೆ ಹೆಚ್ಚುತ್ತದೆ. ಬಳೆಗಳನ್ನೆಣಿಸಿ ಹಾವಿನ ವಯಸ್ಸನ್ನು ಹೇಳುವ ರೂಢಿಯುಂಟು, ಅದು ಸರಿಯಲ್ಲ. ಪೊರೆಯು ವರ್ಷಕ್ಕೆ ಹಲವು ಸಲ ಕಳಚಬಹುದು, ಹಳೆಯ ಬಳೆಗಳು ಮುರಿದು ಬೀಳಲೂಬಹುದು. ಈ ಹಾವಿನ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದೊಂದು ಕುಳಿಯಿದೆ. ಅದರ ಮೂಲಕ ಇಲಿಯ ಮೈಯ ಶಾಖವನ್ನು ಕತ್ತಲಲ್ಲಿಯೂ ಅರಿಯಬಲ್ಲದು.

ಇಂಥದೇ ಕುಳಿಗಳುಳ್ಳದ್ದು ನಮ್ಮ ಬಿದಿರುಮಂಡಲ. ಯೇವೂರನ್ನು ಒಳಗೊಂಡ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿಯೂ ಪನವೇಲಿನ ಬಳಿಯ ಕರ್ನಾಳಾದಲ್ಲಿಯೂ ಅದು ಕಾಣಸಿಗುತ್ತದೆ. ಹಸಿರು ಮೈಯ ಈ ಹಾವು ಕೊಂಬೆಯ ಮೇಲೆ ಗಂಟೆಗಟ್ಟಲೆ ಅಲುಗದೆ ಕುಳಿತಿರುತ್ತದೆ. ಗಿಲಕಿಯಿಲ್ಲ, ಸದ್ದೂ ಇಲ್ಲ. ಕಡಿದರೆ ನೋವೂ ಊತವೂ ತೀವ್ರವಾಗುತ್ತವೆ. ಸಾವು ತೀರ ಅಪರೂಪ.

ಸದ್ದಿನ ನೆಂಟನು ಇದಕ್ಕಿಂತ ಭಯಂಕರನು. ಮರಾಠಿಗರು ಫುರ್ಸೆ ಎನ್ನುವ, ಕನ್ನಡದಲ್ಲಿ ಗರಗಸ ಮಂಡಲ ಅಥವಾ ಕಲ್ಲುಹಾವು ಎನಿಸಿಕೊಂಡಿರುವ ಹಾವು ಇದು. ಕೊಂಕಣದ ಕೆಂಪು ಜಂಬಿಟ್ಟಿಗೆಯ ಬಯಲುಗಳು ಇದರ ತವರು. ಹಗಲಿನಲ್ಲಿ ಕಲ್ಲಿನಡಿ ಅಡಗಿರುತ್ತದೆ; ರಾತ್ರಿ ಹೊರಟು ಚೇಳು, ಜರಿ, ಕಪ್ಪೆ, ಹಲ್ಲಿಗಳನ್ನು ತಿನ್ನುತ್ತದೆ. ಉದ್ದ ಸಾಮಾನ್ಯವಾಗಿ ಒಂದೆರಡು ಅಡಿಗೆ ಮೀರದು. ಇಷ್ಟು ಪುಟ್ಟದೆಂಬ ತಾತ್ಸಾರವೇ ಅನೇಕರಿಗೆ ಮುಳುವಾಗಿದೆ. ಪಕ್ಕೆಯ ಹುರುಪೆಗಳು ಓರೆಯಾಗಿದ್ದು, ಅವುಗಳ ಏಣುಗಳು ಗರಗಸದ ಹಲ್ಲುಗಳಂತಿವೆ. ಕೆಣಕಿದಾಗ ಮೈಯನ್ನು ಸುರುಳಿಗಟ್ಟಿ ಒಂದು ಮಡಿಕೆಯನ್ನು ಇನ್ನೊಂದಕ್ಕೆ ಉಜ್ಜುತ್ತದೆ. ಆಗ ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟಿದಂಥ ಸದ್ದು ಕೇಳುತ್ತದೆ. ಗಿಲಕಿ ಹಾವು ಬಾಲದಿಂದ ಸಾಧಿಸುವುದನ್ನು ಇದು ಇಡೀ ಮೈಯಿಂದ ಸಾಧಿಸುತ್ತದೆ. ಕುಳಿಗಳು ಮಾತ್ರ ಇದಕ್ಕಿಲ್ಲ. ಎರಡೂ ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ರತ್ನಾಗಿರಿ ಜಿಲ್ಲೆಯಲ್ಲಿ ಸರಕಾರವು ಫುರ್ಸೆಯ ತಲೆಗೆ ಬಹುಮಾನವಿಟ್ಟಿತು. ಜನರು ಲಕ್ಷಗಟ್ಟಲೆ ಹಾವುಗಳನ್ನು ಕೊಂದು ತಂದರು; ಫುರ್ಸೆ ಅಳಿಯಲಿಲ್ಲ.

ಇದರ ವಿಷವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಕೆಲವು ಗಂಟೆಗಳ ಅನಂತರ ಒಸಡುಗಳಿಂದ, ಹಳೆಯ ಗಾಯಗಳಿಂದ ರಕ್ತ ಒಸರತೊಡಗಬಹುದು. ಮೊದಮೊದಲು ರೋಗಿಯು ನೆಟ್ಟಗಿರುವುದರಿಂದ ಮನೆಯವರು ಮಂತ್ರವಾದಿಯಲ್ಲಿಗೆ ಹೋಗಿ ಅಮೂಲ್ಯವಾದ ಹೊತ್ತನ್ನು ಕಳೆಯುತ್ತಾರೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವುಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇವರಲ್ಲಿ ಬಹುಪಾಲು ಹಳ್ಳಿಗರು. ಆದರೆ ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಅಂಚಿನಲ್ಲಿ ಗದ್ದೆಗುಡ್ಡಗಳನ್ನು ಅಗೆದು ಮನೆ ಕಟ್ಟಿಕೊಂಡಿರುವ ನಾವೂ ಹಾವುಗಳ ನೆರೆಹೊರೆಯವರೇ. ಇಲ್ಲಿ ಫುರ್ಸೆಗಿಂತಲೂ ನಾಗರಹಾವು, ಕೊಳಕುಮಂಡಲಗಳು ಹೆಚ್ಚಾಗಿ ಎದುರಾಗುತ್ತವೆ.

ಕಡಿತವಾದಾಗ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಾಗಿ ಕಟ್ಟಬಾರದು. ಉಂಗುರ, ಬಳೆಗಳನ್ನು ತೆಗೆದು, ಕಡಿದ ಅಂಗವನ್ನು ಮುರಿದ ಎಲುಬಿನಂತೆ ಅಲುಗದಂತಿರಿಸಿ, ರೋಗಿಯನ್ನು ನಡೆಸದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ವೈದ್ಯರು ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಅದು ಹೆಪ್ಪುಗಟ್ಟದಿದ್ದರೆ ಮಂಡಲದ ವಿಷವೇರಿದೆಯೆಂದು ತಿಳಿದು ಪ್ರತಿವಿಷ ಕೊಡುತ್ತಾರೆ. ಕುದುರೆಗೆ ವಿಷವನ್ನು ಅಲ್ಪಾಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿರೋಧ ವಸ್ತುವಿನಿಂದ ಈ ಮದ್ದನ್ನು ತಯಾರಿಸುತ್ತಾರೆ. ಮುಂಬಯಿಯ ಪರೇಲಿನಲ್ಲಿ 1899ರಲ್ಲಿ ಪ್ಲೇಗು ಸಂಶೋಧನಾಲಯವಾಗಿ ಆರಂಭವಾದ ಹಾಫ್‌ಕಿನ್ ಸಂಸ್ಥೆಯ ಹೆಸರು ಈ ಕಾರ್ಯದಲ್ಲಿ ಪ್ರಸಿದ್ಧವಾಗಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಫುರ್ಸೆ ಈ ನಾಲ್ಕಕ್ಕೂ ಒಂದೇ ಮದ್ದು. ಆದುದರಿಂದ ಕಡಿದ ಹಾವನ್ನು ಹುಡುಕಿ, ಹೊಡೆದು, ಆಸ್ಪತ್ರೆಗೆ ಒಯ್ಯುವ ಅಗತ್ಯವಿಲ್ಲ.