ತಂದೆಯ ಸಂಖ್ಯೆ, ಮಕ್ಕಳ ಸಂಖ್ಯೆ

ಲೈನಸ್ ಟೊರ್ವಾಲ್ಡ್ಸ್ ಎಂಬಾತ 1991ರಲ್ಲಿ ಆರಂಭಿಸಿದ ಲಿನಕ್ಸ್ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ, ನಡೆಯುತ್ತಿರುವ ಪ್ರತಿಯೊಂದು ಕೆಲಸಕ್ಕೂ ಪ್ರೊಸೆಸ್ ಎಂದು ಹೆಸರು. ಪ್ರತಿ ಪ್ರೊಸೆಸ್ಸಿಗೂ ಪಿಐಡಿ ಎಂಬ ಒಂದು ಸಂಖ್ಯೆ ಉಂಟು. ಆ ಸಂಖ್ಯೆಯ ಸ್ವಭಾವವನ್ನರಿಯದೆ ನಾನು ಪಟ್ಟ ಪಾಡೇ ಈ ಲೇಖನಕ್ಕೆ ಕಾರಣ. ಬಿ.ಎ. ಓದುವವನಿಗೆ ಇದೆಲ್ಲ ಏಕೆಂದು ವಾಚಕರು ನಗಬಾರದಾಗಿ ಪ್ರಾರ್ಥನೆ.

ಭೂಗೋಳಶಾಸ್ತ್ರದ ಕಿರುಪ್ರಬಂಧಕ್ಕಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಮಳೆಯ ಲೆಕ್ಕವನ್ನು ಟೈಪು ಮಾಡಿಟ್ಟಿದ್ದೆ. ಅದನ್ನು ಬೇರ್ಪಡಿಸಲು ಒಂದು ಸ್ಕ್ರಿಪ್ಟು ಬರೆದೆ. ಅದು ತಂದೆಯಾಗಿ ನಿಂತು, ತಾಲ್ಲೂಕಿಗೊಂದರಂತೆ ನಾಲ್ಕು ಮಕ್ಕಳನ್ನು ಏಕಕಾಲದಲ್ಲಿ ಕೆಲಸಕ್ಕೆ ಹಚ್ಚಬೇಕು. ಪ್ರತಿ ಮಗುವೂ ತನ್ನ ಪಿಐಡಿಯನ್ನೇ ಹೆಸರಾಗಿಟ್ಟ ಕಡತದಲ್ಲಿ ಬರೆಯಬೇಕು. ಅದಕ್ಕಾಗಿ $$ ಎಂಬ ಚಿಹ್ನೆಯನ್ನು ಬಳಸಿದೆ. ಕೆಲಸ ಮುಗಿದೊಡನೆ ಮೂಲ ಕಡತವನ್ನು ಅಳಿಸಿಬಿಡುವ ಜಾಣತನವನ್ನೂ ಸೇರಿಸಿದೆ!

ನೋಡಿದರೆ ನಾಲ್ಕು ಕಡತಗಳಿಲ್ಲ, ಇರುವುದೊಂದೇ. ಮಲೆನಾಡಿನ ಅಂಚಿನ ಅರಕಲಗೂಡಿನ ಮಳೆಯೂ ಬಯಲುಸೀಮೆಯ ಚನ್ನರಾಯಪಟ್ಟಣದ ಮಳೆಯೂ ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದುವು. ಪ್ರಬಂಧ ಒಪ್ಪಿಸಲು ಉಳಿದದ್ದು ಮೂರು ದಿನ.

ಆದುದಿಷ್ಟು. ಮಗು ಹುಟ್ಟಿದೊಡನೆ ಅದಕ್ಕೆ ಹೊಸ ಪಿಐಡಿ ದೊರೆಯುವುದು ನಿಜ. ತಂದೆಯದು 4120 ಆದರೆ ಮಕ್ಕಳದು 4121, 4122, 4125 ಆಗಬಹುದು. ನಡುವಿನವನ್ನು ಬೇರಾರೋ ಪಡೆದಿರುತ್ತಾರೆ. ಆದರೆ ಬ್ಯಾಷ್ ಸ್ಕ್ರಿಪ್ಟಿನಲ್ಲಿ ಆವರಣದೊಳಗಿಟ್ಟು ಹುಟ್ಟಿಸಿದ ಮಗುವನ್ನು $$ ಎಂದು ಕೇಳಿದರೆ ಅದು ತನ್ನದನ್ನು ಹೇಳದೆ ತಂದೆಯ ಸಂಖ್ಯೆಯನ್ನೇ ಹೇಳುತ್ತದೆ. ನಾಲ್ವರೂ 4120 ಎಂದರು. ಕಡತ ಒಂದೇ ಆಯಿತು. ಮಗುವಿನ ನಿಜವಾದ ಸಂಖ್ಯೆ ಬೇಕಾದರೆ ಬ್ಯಾಷ್‌ಪಿಐಡಿ ಎಂಬುದನ್ನು ಕೇಳಬೇಕು. ತಂದೆಯೇ ತಿಳಿಯಬೇಕಾದರೆ, ಹಿನ್ನೆಲೆಗೆ ಕಳುಹಿಸಿದ ಕೊನೆಯ ಮಗುವಿನ ಸಂಖ್ಯೆ $! ಎಂಬುದರಲ್ಲಿರುತ್ತದೆ. ಮಗುವನ್ನು ಪ್ರತ್ಯೇಕ ಸ್ಕ್ರಿಪ್ಟಾಗಿಯೇ ಬರೆದು ಓಡಿಸಿದ್ದರೆ ಅದರ $$ ಅದರದೇ ಆಗುತ್ತಿತ್ತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ರಾತ್ರಿಯೆಲ್ಲಾ ನೋಟುಬುಕ್ಕಿನಿಂದ ಮತ್ತೆ ಟೈಪು ಮಾಡುತ್ತಿದ್ದುದನ್ನು ಕಂಡು ತಂದೆಯವರು ಏನೆಂದು ಕೇಳಿದರು. ಹೇಳಿದೆ. "ಹಂಗಾದ್ರೆ ಆ ಮಿಷನ್ನಾಗೂ ಪೋಡಿ ಆಗಿಲ್ವೇನಪ್ಪ?" ಎಂದರು. ನಮ್ಮ ಜಮೀನು ತಂದೆಗೂ ಚಿಕ್ಕಪ್ಪಂದಿರಿಗೂ ಪಾಲಾಗಿ ವರ್ಷಗಳಾದುವು, ಪೋಡಿಯಾಗಿಲ್ಲ. ಮೂವರಲ್ಲಿ ಯಾರನ್ನು ಕೇಳಿದರೂ ತಾತನ ಹೆಸರಿನ ಅದೇ ಪಹಣಿಯನ್ನು ತೋರಿಸುತ್ತಾರೆ. ಪುಸ್ತಕಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಸಿಕ್ಕಿಲ್ಲ.

ಹೋಲಿಕೆ ಒಂದು ಕಡೆ ಸಾಲದು. ಪೋಡಿಯಾದ ಮೇಲೆ 45ನೆಯ ಸರ್ವೆ ನಂಬರು 45/1, 45/2 ಎಂದಾಗಿ ಮೂಲ ಉಳಿಯುತ್ತದೆ. ಪಿಐಡಿಯಲ್ಲಿ ತಂದೆಯ ಗುರುತೇ ಇರದು, ಅದನ್ನು ವ್ಯವಸ್ಥೆ ಬೇರೆಯಾಗಿ ಬರೆದಿಡುತ್ತದೆ. ತಂದೆ ಮೊದಲು ಸತ್ತರೆ ಮಗುವನ್ನು ಸಾಮಾನ್ಯವಾಗಿ 1ನೆಯ ಪ್ರೊಸೆಸ್ಸು ಸಾಕಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ: ಸಂಖ್ಯೆಗಳಿಗೆ ಮಿತಿಯುಂಟು, ಹಿಂದೆ ಅದು ಸಾಮಾನ್ಯವಾಗಿ 32768. ಮಿತಿ ಮುಟ್ಟಿದ ಮೇಲೆ ಸತ್ತವರ ಸಂಖ್ಯೆಯನ್ನೇ ಹೊಸಬರಿಗೆ ಕೊಡಲಾಗುತ್ತದೆ. ನಿನ್ನೆ ಗುರುತು ಹಾಕಿಕೊಂಡ ಸಂಖ್ಯೆಯನ್ನು ನಂಬಿ ಇಂದು ಪ್ರೊಸೆಸ್ಸನ್ನು ನಿಲ್ಲಿಸಹೊರಟರೆ ನಿಲ್ಲುವುದು ಮತ್ತಾರೋ!

ಮೂರನೆಯ ರಾತ್ರಿ ಸ್ಕ್ರಿಪ್ಟನ್ನು ತಿದ್ದಿ, ಅಳಿಸುವ ಸಾಲನ್ನು ಕಿತ್ತುಹಾಕಿ, ಕಡತಗಳಿಗೆ ಸಂಖ್ಯೆಯ ಬದಲು ತಾಲ್ಲೂಕಿನ ಹೆಸರನ್ನೇ ಇಟ್ಟೆ. ನಾಲ್ಕು ಕಡತಗಳು ಬಂದುವು.